ಹಬ್ಬದ ನಂತರ ಓದಿದ ಎರಡು ಸಾಲು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಪೀಣ್ಯದ ಸಣ್ಣ ಕಂಪನಿಯೊಂದರಲ್ಲಿದ್ದೆ. ತಗಡು ಒತ್ತುವ ಪ್ರೆಸ್‌ಗಳನ್ನು ನಡೆಸುವ ಪ್ರೋಗ್ರಾಮ್ ಬರೆಯುವುದು ನಮ್ಮ ಕೆಲಸ. ತಿದ್ದಿದಾಗಲೆಲ್ಲ ಹಳೆಯ ಆವೃತ್ತಿಯನ್ನು ಕಾದಿಡಲು ಬೇರೊಂದು ಪ್ರೋಗ್ರಾಮ್ ಇತ್ತು. ಅದೂ ನಾವೇ ಬರೆದದ್ದು.

ಆಯುಧಪೂಜೆಯ ಹಿಂದಿನ ದಿನ ನಾಗಸಂದ್ರದ ಕಾರ್ಖಾನೆಯೊಂದರ ಪ್ರೆಸ್‌ಗೆ ಹೊಸ ಆವೃತ್ತಿ ಹಾಕಿದೆವು. ಪ್ರೋಗ್ರಾಮ್ ಇರುವ ಚಿಪ್‌ನಲ್ಲಿದ್ದ ಹಳೆಯದನ್ನು ಅಳಿಸಿ ಅದರಲ್ಲೇ ಹೊಸದನ್ನು ತುಂಬಿದ್ದೆವು. ರಜೆ ಮುಗಿದು ಓಡಿಸಿದಾಗ, ನಿಲ್ಲಿಸುವ ಗುಂಡಿ ಒತ್ತಿದ ಮೇಲೂ ಪ್ರೆಸ್ ಒಮ್ಮೆ ಕೆಳಗಿಳಿಯಿತು. ಕೆಲಸಗಾರನೊಬ್ಬನ ಎರಡು ಬೆರಳು ಹೋದವು. ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ಕೈಯನ್ನೇ ನೋಡುತ್ತಿದ್ದ.

ಪ್ರೆಸ್ ಮತ್ತೆ ನಡೆಯಬೇಕಾದರೆ ಹಳೆಯ ಆವೃತ್ತಿ ಬೇಕು. ಯಾವ ತಿದ್ದುಪಡಿ ಹೀಗೆ ಮಾಡಿತೆಂದು ತಿಳಿಯಬೇಕಾದರೂ ಅದೇ ಬೇಕು. ಅದನ್ನು ಕೊಡೆಂದು ಕೇಳಿದರೆ, ಕಾದಿಡುವ ಪ್ರೋಗ್ರಾಮ್ ಅರ್ಧಕ್ಕೇ ಕುಸಿದು ಬೀಳುತ್ತಿತ್ತು.

"ನಲ್ ಪಾಯಿಂಟರ್ ಸಾರ್. ಚೆಕ್ ಹಾಕ್ಬಿಟ್ಟೆ, ಇನ್ನು ಬೀಳಲ್ಲ," ಎಂದಳು ಜೊತೆಯ ಎಂಜಿನಿಯರ್. ಹಳೆಯ ಆವೃತ್ತಿ ಇರುವ ಜಾಗದ ವಿಳಾಸ ಸಿಗಬೇಕಾದಲ್ಲಿ ಪ್ರೋಗ್ರಾಮಿಗೆ ಏನೂ ಸಿಗುತ್ತಿರಲಿಲ್ಲ.

ತಿದ್ದಿದ್ದನ್ನು ಕಾಗದದಲ್ಲಿ ಮುದ್ರಿಸಿ, ಇನ್ನೊಬ್ಬರು ಓದಿ ಸಹಿ ಹಾಕುವುದು ನಮ್ಮ ಪದ್ಧತಿ. ತಿದ್ದುಪಡಿ ಡಿಸ್ಕ್ ಸೇರಿದ ಮೇಲೆ ಆ ಕಾಗದ ಇಟ್ಟುಕೊಳ್ಳುತ್ತಿರಲಿಲ್ಲ. ಎರಡೇ ಸಾಲು: ಹಳೆಯದು ಸಿಗದಿದ್ದರೆ ಕಡತ ಹೊಸದೆಂದು ತಿಳಿದು ಮುಂದುವರಿ. ಬರೆದದ್ದರಲ್ಲಿ ತಪ್ಪಿರಲಿಲ್ಲ. ಆದರೂ ಓದುತ್ತಿದ್ದ ನನ್ನ ಪೆನ್ಸಿಲ್ ಮುಂದೆ ಹೋಗಲಿಲ್ಲ.

"ಈ ಪ್ರೆಸ್ ಫೈಲು ವರ್ಷಗಳ ಹಿಂದಿನದು ಕಣಮ್ಮ. ಹೊಸದು ಹೇಗಾಗುತ್ತೆ?"

ಆಕೆ ಕಡತದ ಗಾತ್ರ ನೋಡಿದಳು. ಸೊನ್ನೆ. ಮುಂದಿನದೂ ಸೊನ್ನೆ.

ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಆಪರೇಟರನ್ನು ಕರೆದೆ. ಅವನು ನಗುತ್ತಲೇ ಬಂದ.

"ಹಬ್ಬಕ್ಕೆ ಲೇತು, ಡ್ರಿಲ್ಲು ಎಲ್ಲಾ ಕ್ಲೀನ್ ಮಾಡ್ತಾರಲ್ವಾ ಸಾರ್, ನಾನು ಡಿಸ್ಕ್ ಮಾಡ್ದೆ. ಹಳೇ ಫೈಲೆಲ್ಲ ಖಾಲಿ ಮಾಡಿ ಹೆಸರು ಮಾತ್ರ ಬಿಟ್ಟಿದೀನಿ. ಎಷ್ಟು ಜಾಗ ಆಯ್ತು ನೋಡಿ! ಕುಂಬಳಕಾಯಿ ಒಡೆಯೋದೊಂದೇ ಬಾಕಿ ಇತ್ತು."

"ಬ್ಯಾಕಪ್ ಟೇಪು?"

"ಪೂಜೇಲಿ ಹಳೇದು ಇಡೋಕಾಗುತ್ತಾ ಸಾರ್? ಡಿಸ್ಕ್ ಕ್ಲೀನ್ ಆದ್ಮೇಲೆ ಅದೇ ಟೇಪಿನ ಮೇಲೆ ಫ್ರೆಶ್ಶಾಗಿ ಬ್ಯಾಕಪ್ ತಗೊಂಡೆ."

ಡಿಸ್ಕಿನ ನಕಲು ಇಡಲು ನಮ್ಮಲ್ಲಿದ್ದದ್ದು ಅದೊಂದೇ ಟೇಪು. ಡಬ್ಬಿಯ ಮೇಲೆ ಅರಿಶಿನ ಕುಂಕುಮ ಇನ್ನೂ ಹಸಿಯಾಗಿರುವಂತೆ ಕಾಣುತ್ತಿತ್ತು. ನಮ್ಮ ಮುಖ ನೋಡಿ ಅವನ ನಗು ನಿಂತಿತು.

ನಾನು ಸಹಿ ಹಾಕಲಿಲ್ಲ. "ಮುಂದುವರಿಯೋದು ಬೇಡ. ಹಳೇದು ಇಲ್ಲ ಅಂತ ಹೇಳಿ ಪ್ರೋಗ್ರಾಮ್ ನಿಲ್ಲಲಿ," ಎಂದು ಆಕೆಗೆ ಹೇಳಿದೆ.

"ಹಾಗೆ ಹೇಳಿದ್ರೆ ಏನ್ ಬಂತು ಸಾರ್?"

"ಏನೂ ಬರಲ್ಲ. ಹೊಸದು ಅಂತ ಸುಳ್ಳು ಹೇಳಲ್ಲ, ಅಷ್ಟೇ."

ಆಕೆ ತಿದ್ದಿದಳು. ಓದಿ ಸಹಿ ಹಾಕಿದೆ. ಪ್ರೆಸ್‌ನ ಕಡತಗಳನ್ನು ಒಂದೊಂದಾಗಿ ಕೇಳಿದೆವು. ಪ್ರೋಗ್ರಾಮ್ ಒಮ್ಮೆಯೂ ಬೀಳಲಿಲ್ಲ. ಪ್ರತಿಯೊಂದಕ್ಕೂ, ಹಳೆಯದು ಇಲ್ಲ ಎಂದು ಹೇಳಿ ನಿಂತಿತು.

ಮಧ್ಯಾಹ್ನ ಕಾರ್ಖಾನೆಯ ಸೂಪರ್‌ವೈಸರ್ ಫೋನ್ ಮಾಡಿದರು. "ಹಳೇದು ರೆಡಿ ಆಯ್ತಾ ಸಾರ್? ನಮ್ ಹುಡುಗ್ರು ಕೆಲ್ಸ ಇಲ್ದೆ ಗೇಟ್ ಹತ್ರಾನೇ ಕೂತವ್ರೆ."

"ಇಲ್ಲ."

"ನಾಳೆ?"

"ನಾಳೆನೂ ಇಲ್ಲ."

ಅವರು ಫೋನ್ ಇಡಲಿಲ್ಲ. ಅವರ ಹಿಂದೆ ಯಾರೋ, "ಏನಂತೆ? ಏನಂತೆ?" ಎಂದು ಕೇಳುತ್ತಿದ್ದರು.