ಗೋಡೆಯಿಂದ ಒಂದು ಕೈ ದೂರ

ಶಾಲೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಮಕ್ಕಳಿಗೆ, ಜೊತೆಯ ಶಿಕ್ಷಕರಿಗೆ, ಗೇಟಿನ ಕಾವಲುಗಾರನಿಗೂ ಅವರು ಭೂಪಟದ ಮೇಷ್ಟ್ರು. ಹೆಸರು ಸುಮ್ಮನೆ ಬಂದದ್ದಲ್ಲ. ಅವರ ತರಗತಿಯ ಎಡಗೋಡೆಯ ತುಂಬ, ಮೊಳಕಾಲೆತ್ತರದಿಂದ ಶುರುವಾಗಿ ಸೂರಿನ ತನಕ, ಅವರೇ ಕೈಯಾರೆ ಬರೆದ ಪ್ರಪಂಚದ ಭೂಪಟವಿತ್ತು. ಕೆಲಸಕ್ಕೆ ಸೇರಿದ ವರ್ಷ ರಜೆಯಲ್ಲಿ ಶುರುಮಾಡಿದ್ದು. ಈಗ ತಲೆ ನರೆತಿದೆ, ಭೂಪಟ ಮಾತ್ರ ಇನ್ನೂ ಮುಗಿದಿಲ್ಲ. ಎಲ್ಲೋ ದೂರದಲ್ಲಿ ಒಂದು ದೇಶ ಎರಡಾದರೆ ಇಲ್ಲಿ ಇವರ ಭಾನುವಾರ ಹೋಯಿತೆಂದೇ ಲೆಕ್ಕ. ಏಣಿ, ಸಣ್ಣ ಕುಂಚ, ಬಣ್ಣದ ಡಬ್ಬಿ ಹೊತ್ತುಕೊಂಡು ಹೊರಟುಬಿಡುತ್ತಿದ್ದರು.

“ಅಡುಗೆಮನೆಗೆ ಬಣ್ಣ ಹೊಡೀರಿ ಅಂದ್ರೆ ನಿಮಗೆ ಸೊಂಟ ನೋವು,” ಎನ್ನುತ್ತಿದ್ದರು ಹೆಂಡತಿ. “ಅಲ್ಲಿ ಏಣಿ ಹತ್ತೋವಾಗ ಆ ಸೊಂಟ ಎಲ್ಲಿಗೆ ಹೋಗಿರುತ್ತೆ?”

ಮೇಷ್ಟ್ರು ನಗುತ್ತಿದ್ದರು. ಅಡುಗೆಮನೆಯ ಗೋಡೆ ಹಾಗೇ ಕಪ್ಪಗಿತ್ತು.

ಭೂಪಟಕ್ಕೆ ಒಂದು ಕಾನೂನಿತ್ತು. ಅದನ್ನು ಯಾರೂ ಮುಟ್ಟಕೂಡದು. ಅದು ನೀರಿನಲ್ಲಿ ಕಲಸುವ ಬಣ್ಣ; ಮಕ್ಕಳ ಬೆವರು, ತಲೆಯ ಜಿಡ್ಡು ತಾಕಿದರೆ ಮಾಸುತ್ತದೆ. ಅದಕ್ಕೇ ಬೆಂಚುಗಳೆಲ್ಲ ಗೋಡೆಯಿಂದ ಒಂದು ಕೈ ದೂರ ಇರಬೇಕು. ಆ ಜಾಗವನ್ನು ಖಾಲಿ ಬಿಡಲು ಎಲ್ಲ ಬೆಂಚುಗಳೂ ಬಲಗಡೆಯ ಕಿಟಕಿಗೆ ಅಂಟಿಕೊಂಡಿದ್ದವು. ವರ್ಷಗಳಿಂದ ಹಾಗೇ ಇದ್ದುದರಿಂದ ಅದು ಯಾರದೋ ಕಾನೂನು ಎಂಬುದೇ ಮರೆತುಹೋಗಿತ್ತು. ಕಿಟಕಿ, ಬಾಗಿಲು ಇದ್ದ ಹಾಗೆ ಅದೂ ಇತ್ತು, ಅಷ್ಟೆ.

ಆ ವರ್ಷ ಅವರನ್ನು ಶಾಲೆಯ ಸಮಾಜ ವಿಜ್ಞಾನ ವಿಭಾಗಕ್ಕೆ ಮುಖ್ಯಸ್ಥರನ್ನಾಗಿ ಮಾಡಿದರು. ಕೆಳಗೆ ಇಬ್ಬರು ಹೊಸ ಶಿಕ್ಷಕರು, ಅವರಿಗೆ ದಾರಿ ತೋರಿಸಬೇಕು. ಇವರಂತೆ ಬೇರೆ ಬೇರೆ ಶಾಲೆಗಳಲ್ಲಿ ವಿಭಾಗ ನಡೆಸುವವರಿಗೆಲ್ಲ ಶನಿವಾರಗಳಂದು ತರಬೇತಿಯೂ ಇತ್ತು. ಹೋಗಲು ಮೇಷ್ಟ್ರಿಗೆ ಸುತರಾಂ ಮನಸ್ಸಿರಲಿಲ್ಲ. ಪ್ರಜಾಪ್ರಭುತ್ವದ ಪಾಠವನ್ನು ನಿದ್ದೆಯಲ್ಲೂ ಹೇಳಬಲ್ಲ ತನಗೆ ಇನ್ನಾರು ಏನು ಕಲಿಸುತ್ತಾರೆ ಎಂಬ ಗತ್ತು. ಆ ಪಾಠವನ್ನು ಅವರು ಅಷ್ಟು ಚೆನ್ನಾಗಿ ಹೇಳುತ್ತಿದ್ದರು ಎನ್ನುವುದೂ ನಿಜ.

ತರಬೇತಿ ಕೊಡುತ್ತಿದ್ದ ಮೇಡಂ ವಯಸ್ಸಿನಲ್ಲಿ ಇವರಿಗಿಂತ ಎಷ್ಟೋ ಚಿಕ್ಕವರು. ಭಾಷಣ ಮಾಡಲಿಲ್ಲ, ಪರದೆಯ ಮೇಲೆ ಏನೂ ತೋರಿಸಲಿಲ್ಲ. ಎಲ್ಲರಿಗೂ ಒಂದು ಕೆಲಸ ಕೊಟ್ಟರು.

“ಮುಂದಿನ ಶನಿವಾರದೊಳಗೆ ನಿಮ್ಮ ಮಕ್ಕಳಿಗೆ ನಿಜವಾದ ಒಂದು ನಿರ್ಧಾರ ಬಿಟ್ಟುಕೊಡಿ. ಅವರು ಏನು ತೀರ್ಮಾನ ಮಾಡ್ತಾರೋ ಅದನ್ನ ನಡೆಸಿಕೊಡಬೇಕು. ಆಮೇಲೆ ಬಂದು ಹೇಳಿ.”

“ಅದೇನು ಮಹಾ!” ಎಂದರು ಮೇಷ್ಟ್ರು, ಪಕ್ಕದಲ್ಲಿ ಕೂತವರಿಗೆ ಕೇಳಿಸುವಷ್ಟು.

ಮೇಡಂಗೂ ಕೇಳಿಸಿತು. “ನಿಮ್ಮದು ಏನೂ ಹೋಗಲ್ಲ ಅನ್ನೋ ವಿಷಯ ಕೊಡಬೇಡಿ, ಸರ್. ಅದು ನಿರ್ಧಾರ ಆಗಲ್ಲ, ಆಟ ಆಗುತ್ತೆ.”

ಸೋಮವಾರ ಮೇಷ್ಟ್ರು ಹುರುಪಿನಿಂದ ತರಗತಿಗೆ ಹೋದರು. “ಈ ಕೋಣೆಯಲ್ಲಿ ಏನು ಬದಲಾಗಬೇಕು?” ಎಂದು ಬೋರ್ಡಿನ ಮೇಲೆ ಬರೆದರು. ಮತ ಹಾಕಿ, ಗೆದ್ದದ್ದನ್ನು ಖಂಡಿತ ಮಾಡುತ್ತೇನೆ ಎಂದು ಎದೆ ತಟ್ಟಿಕೊಂಡು ಮಾತು ಕೊಟ್ಟರು. ಗಡಿಯಾರ ಬೇಕೆನ್ನಬಹುದು, ಹೆಚ್ಚೆಂದರೆ ವಾರಕ್ಕೊಂದು ಪೀರಿಯಡ್ ಆಟಕ್ಕೆ ಬಿಡಿ ಎನ್ನಬಹುದು ಎಂಬುದು ಅವರ ಅಂದಾಜು. ಆ ಎರಡೂ ಬಂದವು. ಆಮೇಲೆ ಕಿಟಕಿ ಪಕ್ಕದಿಂದ ಒಬ್ಬ ಹುಡುಗಿ ಎದ್ದು ನಿಂತಳು. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಮೇಷ್ಟ್ರೇ ಅವಳಿಗೆ ವಕೀಲಮ್ಮ ಎಂದು ಹೆಸರಿಟ್ಟಿದ್ದರು.

“ಬೆಂಚುಗಳನ್ನ ಆ ಗೋಡೆಗೆ ಸೇರಿಸಬೇಕು, ಸರ್.”

ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ಆದರೂ ಬರೆದರು. ಚೀಟಿಗಳನ್ನು ಬಿಡಿಸಿ ನೋಡಿದಾಗ ಗಡಿಯಾರಕ್ಕೆ ನಾಲ್ಕಾರು ಮತ, ಆಟಕ್ಕೆ ಇನ್ನಷ್ಟು, ಉಳಿದದ್ದೆಲ್ಲ ಬೆಂಚಿಗೆ.

“ಅವಸರದಲ್ಲಿ ಬರೆದಿದ್ದೀರಿ,” ಎಂದರು ಮೇಷ್ಟ್ರು. “ಯೋಚನೆ ಮಾಡಿ. ನಾಳೆ ಇನ್ನೊಂದ್ಸಲ ಹಾಕೋಣ.”

ಮರುದಿನ ಒಂದು ಪೀರಿಯಡ್ ಪೂರ್ತಿ ಭೂಪಟದ ಕಥೆ ಹೇಳಿದರು. ಯಾವ ದ್ವೀಪಕ್ಕೆ ಎಷ್ಟು ಸಲ ಬಣ್ಣ ಬದಲಾಯಿಸಿದೆ, ಯಾವ ನದಿಯನ್ನು ಬರೆಯುವಾಗ ಏಣಿಯಿಂದ ಬಿದ್ದೆ, ಎಲ್ಲವನ್ನೂ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು, ಬಿದ್ದ ಕಡೆ ನಕ್ಕರು, ಆಮೇಲೆ ಮತ ಹಾಕಿದರು. ಈ ಸಲ ಗಡಿಯಾರದ ಕಡೆಯವರೂ ಬೆಂಚಿನ ಕಡೆ ಬಂದಿದ್ದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಒಂದು ಕೆಲಸ ಮಾಡೋಣ. ನಾಳೆ ಕೊನೇ ಸಲ…”

ವಕೀಲಮ್ಮ ಮತ್ತೆ ಎದ್ದಳು. ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿ ಗೊತ್ತಾಗದೆಯೇ ಕೇಳಿದಳು. “ಸರ್, ನೀವು ಗೆಲ್ಲೋ ತನಕ ಹಾಕ್ತಾನೇ ಇರಬೇಕಾ?”

ತರಗತಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಗದರಿಸಿ ಪಾರಾಗಬಹುದಿತ್ತು. ಮೇಷ್ಟ್ರ ಮುಖ ಬಿಸಿಯಾಯಿತು, ಕಿವಿಯ ತುದಿಯ ತನಕ ನಾಚಿಕೆಯಾಯಿತು. ಗಂಟೆ ಹೊಡೆದದ್ದೇ ಪುಣ್ಯವೆಂದು ಹೊರಗೆ ಬಂದರು.

ಮನೆಯಲ್ಲಿ ಮುಖ ಊದಿಸಿಕೊಂಡು ಕೂತ ಗಂಡನನ್ನು ಹೆಂಡತಿ ಕೇಳಿದರು. “ಏನಂತೆ ಮಕ್ಕಳು?”

“ಬೆಂಚು ಗೋಡೆಗೆ ಸರಿಸಬೇಕಂತೆ.”

“ಸರಿಸಿ.”

“ಸರಿಸಿದ್ರೆ ಒರಗಿ ಒರಗಿ ಒಂದೇ ವರ್ಷದಲ್ಲಿ ಅರ್ಧ ಸಮುದ್ರ ಅಳಿಸಿಹೋಗುತ್ತೆ. ನನ್ನ ಭೂಪಟ ಏನಾಗಬೇಕು?”

“ಶಾಲೆಗೆ ಬಂದು ಬೆಂಚಲ್ಲಿ ಕೂರೋದು ಭೂಪಟವೋ, ಮಕ್ಕಳೋ?” ಎಂದು ಕೇಳಿ ಹೆಂಡತಿ ಒಳಗೆ ಹೋದರು. ಮೇಷ್ಟ್ರಿಗೆ ಸಿಟ್ಟು ಬಂತು. ಹೆಂಡತಿಯ ಮೇಲೋ, ವಕೀಲಮ್ಮನ ಮೇಲೋ ಅವರಿಗೇ ಗೊತ್ತಾಗಲಿಲ್ಲ.

ಶನಿವಾರ ತರಬೇತಿಯಲ್ಲಿ ಒಬ್ಬೊಬ್ಬರೇ ವರದಿ ಒಪ್ಪಿಸಿದರು. ಒಬ್ಬರ ತರಗತಿಯಲ್ಲಿ ಪರದೆಗೆ ಹಸಿರು ಬಣ್ಣ ಗೆದ್ದಿತ್ತು. ಇನ್ನೊಬ್ಬರ ಮಕ್ಕಳು ಗಿಡದ ಕುಂಡ ಕೇಳಿದ್ದರು. ಮೇಷ್ಟ್ರಿಗೆ ಗಡಿಯಾರ ಗೆದ್ದಿತು ಎಂದುಬಿಡುವ ಮನಸ್ಸಾಯಿತು. ಯಾರು ಬಂದು ನೋಡುತ್ತಾರೆ? ದಾರಿಯಲ್ಲೇ ಒಂದು ಗಡಿಯಾರ ಕೊಂಡು ತೂಗುಹಾಕಿದರೆ ಮುಗಿಯಿತು. ಆದರೆ ಎದ್ದು ನಿಂತಾಗ ಆ ಸುಳ್ಳು ಬಾಯಿಗೆ ಬರಲಿಲ್ಲ. ಎರಡು ಸಲ ಮತ ಹಾಕಿಸಿದ್ದನ್ನೂ, ಹುಡುಗಿ ಕೇಳಿದ್ದನ್ನೂ, ತಾನು ಇನ್ನೂ ಏನೂ ಮಾಡದೆ ಕೂತಿರುವುದನ್ನೂ ಇದ್ದದ್ದು ಇದ್ದ ಹಾಗೆ ಹೇಳಿದರು.

ಮೇಡಂ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. “ಆ ಹುಡುಗಿ ಜಾಗದಲ್ಲಿ ಯಾವತ್ತಾದ್ರೂ ಕೂತು ನೋಡಿದ್ದೀರಾ, ಸರ್?” ಎಂದಷ್ಟೇ ಕೇಳಿದರು.

ನೋಡಿರಲಿಲ್ಲ. ಅಷ್ಟು ವರ್ಷ ಅವರು ಆ ಕೋಣೆಯನ್ನು ಬೋರ್ಡಿನ ಬಳಿಯಿಂದ ನೋಡಿದ್ದರು, ಏಣಿಯ ಮೇಲಿಂದ ನೋಡಿದ್ದರು.

ಸೋಮವಾರ ಮಕ್ಕಳು ಬರುವ ಮುಂಚೆಯೇ ಹೋಗಿ ವಕೀಲಮ್ಮನ ಜಾಗದಲ್ಲಿ ಕೂತರು. ಕೂರಲು ಮೂರು ಬೆಂಚು ದಾಟಿ ನುಸುಳಬೇಕಾಯಿತು. ಬೆಳಗಿನ ಬಿಸಿಲು ನೇರವಾಗಿ ಕೆನ್ನೆಗೆ ಹೊಡೆಯಿತು. ಬೋರ್ಡು ನೋಡಿದರೆ ಬರೀ ಹೊಳಪು. ತಾವೇ ಶುಕ್ರವಾರ ದಪ್ಪಕ್ಷರದಲ್ಲಿ ಬರೆದು ಬಿಟ್ಟಿದ್ದ ಸಾಲು ಕಾಣಲಿಲ್ಲ. ಕೈ ಅಡ್ಡ ಹಿಡಿದರೂ ಕಾಣಲಿಲ್ಲ. ಆ ಹುಡುಗಿ ನೋಟ್ಸು ಪೂರ್ತಿ ಬರೆಯುವುದಿಲ್ಲವೆಂದು ಎಷ್ಟು ಸಲ ಎದ್ದು ನಿಲ್ಲಿಸಿ ಬೈದಿದ್ದೇನೆ ಎಂದು ನೆನೆದು ತಲೆ ತಗ್ಗಿಸಿದರು. ಆ ಕಡೆ, ಭೂಪಟದ ಪಕ್ಕದ ಖಾಲಿ ಜಾಗದಲ್ಲಿ ತಣ್ಣನೆಯ ನೆರಳು ಬಿದ್ದಿತ್ತು.

ಮಕ್ಕಳು ಒಳಗೆ ಬಂದಾಗ ಮೇಷ್ಟ್ರು ಅಂಗಿಯ ತೋಳು ಮಡಚಿಕೊಂಡಿದ್ದರು. “ಏನ್ರೋ ನೋಡ್ತಾ ನಿಂತಿದ್ದೀರಿ? ಆ ತುದಿ ಹಿಡ್ಕೊಳ್ಳಿ,” ಎಂದರು. ಕೋಣೆಯಲ್ಲಿ ಗದ್ದಲವೋ ಗದ್ದಲ. ಬೆಂಚುಗಳು ಕಿರುಗುಟ್ಟುತ್ತ ಸರಿದವು, ಮಧ್ಯದಲ್ಲಿ ಓಡಾಡಲು ದಾರಿಯಾಯಿತು, ಕಿಟಕಿಯ ಬದಿ ಖಾಲಿಯಾಗಿ ಬಿಸಿಲಿನ ಪಾಲಾಯಿತು. ಕಿಟಕಿ ಬಿಟ್ಟು ಗೋಡೆಯ ಪಕ್ಕಕ್ಕೆ ಬಂದ ವಕೀಲಮ್ಮನ ಬೆಂಚಿನ ತುದಿ ಈಗ ದಕ್ಷಿಣದ ಸಮುದ್ರಕ್ಕೆ ತಾಗಿತ್ತು.

ಎಲ್ಲರೂ ಕೂತ ಮೇಲೆ ಮೇಷ್ಟ್ರು ಬೋರ್ಡಿನತ್ತ ತಿರುಗಿದರು. ಏನೋ ಸರಿಯಿಲ್ಲವೆನಿಸಿ ಹಿಂದಿರುಗಿ ನೋಡಿದರು. ಗೋಡೆಯ ಪಕ್ಕ ಕೂತ ಮಕ್ಕಳೆಲ್ಲ ಕೋಲು ನುಂಗಿದವರ ಹಾಗೆ ನೆಟ್ಟಗೆ ಕೂತಿದ್ದರು. ಭುಜವನ್ನು ಒಳಕ್ಕೆ ಎಳೆದುಕೊಂಡು, ತಲೆಯನ್ನು ಈಚೆಗೆ ವಾಲಿಸಿ, ಒಬ್ಬರೂ ಭೂಪಟಕ್ಕೆ ತಾಗದ ಹಾಗೆ. ವಕೀಲಮ್ಮ ಜಡೆಯನ್ನು ಈಚೆಯ ಭುಜಕ್ಕೆ ಹಾಕಿಕೊಂಡು ಕೈಯಲ್ಲಿ ಭದ್ರವಾಗಿ ಹಿಡಿದಿದ್ದಳು.

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ತನ್ನ ಭೂಪಟವನ್ನು ಮಕ್ಕಳು ಲೆಕ್ಕಕ್ಕೇ ಇಟ್ಟಿಲ್ಲವೆಂದು ಒಂದು ವಾರ ಕೊರಗಿದ್ದರಲ್ಲ!

“ಹೀಗೆ ಕೂತರೆ ಮಧ್ಯಾಹ್ನದೊಳಗೆ ಕತ್ತು ಹಿಡ್ಕೊಳ್ಳುತ್ತೆ,” ಎಂದರು. “ಒರಗಿಕೊಳ್ಳಿ.”

ಯಾರೂ ಕದಲಲಿಲ್ಲ. ವಕೀಲಮ್ಮ ಮೆಲ್ಲಗೆ ಕೇಳಿದಳು. “ಸಮುದ್ರ ಅಳಿಸಿಹೋದ್ರೆ, ಸರ್?”

“ಹೋಗಲಿ. ಬಣ್ಣದ ಡಬ್ಬಿ ಇನ್ನೂ ಇದೆ. ಈ ಸಲ ನೀವೇ ಬಳೀರಂತೆ.”

ಅವಳು ಜಡೆಯ ಮೇಲಿನ ಕೈ ಬಿಟ್ಟಳು. ಒಂದು ಕ್ಷಣ ತಡೆದು, ನಿಧಾನವಾಗಿ ಭುಜ ತಾಗಿಸಿದಳು, ಆಮೇಲೆ ತಲೆ. ಅವಳನ್ನು ನೋಡಿ ಹಿಂದಿನವರೂ ಒಬ್ಬೊಬ್ಬರಾಗಿ ಒರಗಿದರು. ಮೇಷ್ಟ್ರು ಅದನ್ನು ಪೂರ್ತಿ ನೋಡಿದರು. ನೋವಾಗಲಿಲ್ಲವೆಂದಲ್ಲ, ಆಯಿತು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಶುಕ್ರವಾರದ ಸಾಲನ್ನು ಅಳಿಸಿ ಮತ್ತೆ ಬರೆದರು.

“ಈಗ ಕಾಣ್ತಿದೆಯೇನಮ್ಮಾ?” ಎಂದು ಕೇಳಿದರು.

“ಕಾಣ್ತಿದೆ, ಸರ್,” ಎಂದಳು ವಕೀಲಮ್ಮ, ಮತ್ತು ಬರೆದುಕೊಳ್ಳತೊಡಗಿದಳು.