ಸಾಯದ ತೋಳ

ನಮ್ಮ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳನ್ನು ಹೊಲಿದು ಅಂಟಿಸುವವಳನ್ನು ಎಲ್ಲರೂ ಬೈಂಡಿಂಗ್ ಅಕ್ಕ ಎನ್ನುತ್ತಿದ್ದರು. ಪುಸ್ತಕ ಕೊಡುವ ಮೇಜಿನ ಗುಮಾಸ್ತನಾಗಿ ನಾನು ಅವಳನ್ನು ಇಪ್ಪತ್ತು ವರ್ಷ ನೋಡಿದ್ದೇನೆ. ದೇಶದೇಶಗಳ ಜನಪದ ಕಥೆಗಳು ಅವಳ ಕೈಗೆ ಬರುತ್ತಿದ್ದುದು ಕೊನೆಯ ಹಾಳೆ ಕಿತ್ತುಹೋದ ಮೇಲೆಯೇ. ಹಾಗಾಗಿ ಕೊನೆಯನ್ನು ತಾನೇ ಕಟ್ಟಿ, ಶನಿವಾರ ಬೆಳಿಗ್ಗೆ ಮಕ್ಕಳಿಗೆ ಹೇಳುತ್ತಿದ್ದಳು. ಅವಳ ಕಥೆಯಲ್ಲಿ ಯಾರೂ ಸಾಯುತ್ತಿರಲಿಲ್ಲ. ರಾಕ್ಷಸನಿಗೆ ನೆಗಡಿಯಾಗುತ್ತಿತ್ತು, ಹುಲಿ ನಾಚಿಕೊಂಡು ಮನೆಗೆ ಹೋಗುತ್ತಿತ್ತು. ನನಗೋ ಮೈಯೆಲ್ಲ ಉರಿ. "ಒಂದನ್ನಾದ್ರೂ ಸಾಯ್ಸಮ್ಮ, ನಿನಗೇನು ಕಷ್ಟ?" ಎಂದರೆ, "ಮಕ್ಕಳು ಹೆದರ್ಕೋತಾರೆ, ಸುಮ್ನಿರಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅವಳಿಗೆ ಇನ್ನೊಂದು ಚಾಳಿಯಿತ್ತು. ಕೇಳುವವರ ಎದೆ ಢವಢವ ಎನ್ನುವಾಗಲೇ ಕಥೆ ನಿಲ್ಲಿಸಿ, "ಉಳಿದದ್ದು ಮುಂದಿನ ಶನಿವಾರ" ಎಂದು ಎದ್ದುಬಿಡುವುದು.

ಆ ಶನಿವಾರ ಮೇಕೆಯ ಕಥೆ. ತಾಯಿ ಮೇಕೆ ಹೊರಗೆ ಹೋದಾಗ ತೋಳ ಬಂದು ಥೇಟ್ ತಾಯಿಯ ದನಿಯಲ್ಲೇ ಮರಿಗಳನ್ನು ಕರೆಯುತ್ತದೆ. ಮರಿಗಳು ಸಿಕ್ಕಲ್ಲಿ ಬಚ್ಚಿಟ್ಟುಕೊಳ್ಳುತ್ತವೆ. "ಅಮ್ಮನ ದನಿ ಕೇಳಿದ್ರೂ ನಂಬಬೇಡಿ, ಉಸಿರು ಬಿಟ್ರೆ ಸಿಕ್ಕಿಬಿದ್ರಿ!" ಎಂದು ಹೇಳಿ ಅಕ್ಕ ಎದ್ದಳು. ಆಗ ಹನ್ನೆರಡು ಗಂಟೆ.

ಹನ್ನೆರಡೂವರೆಗೆ ಹೊಲಿಗೆ ಕಾರ್ಖಾನೆಯಿಂದ ಒಬ್ಬ ತಾಯಿ ಮಗಳನ್ನು ಕರೆದೊಯ್ಯಲು ಬಂದಳು. ಎಲ್ಲರೂ ಗುಬ್ಬಿ ಎಂದು ಕರೆಯುವ ಆ ಐದು ವರ್ಷದ ಹುಡುಗಿ ಎಲ್ಲೂ ಇಲ್ಲ. ಕಾವಲುಗಾರ ಚಹಾಕ್ಕೆ ಹೋಗಿದ್ದ. ಗೇಟು ತೆರೆದೇ ಇತ್ತು, ಅದರಾಚೆ ಲಾರಿಗಳ ರಸ್ತೆ. ಕಪಾಟು, ಮೇಜಿನಡಿ, ಮೆಟ್ಟಿಲ ಕೆಳಗೆ, ಎಲ್ಲ ಹುಡುಕಿದೆವು. ತಾಯಿ ಕೋಣೆಯಿಂದ ಕೋಣೆಗೆ ಓಡುತ್ತ, "ಗುಬ್ಬೀ, ಅಮ್ಮ ಬಂದಿದೀನಿ ಬಾರೇ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಉತ್ತರವಿಲ್ಲ. ಒಂದೂಕಾಲಾಯಿತು. ಚಹಾ ಮುಗಿಸಿ ಬಂದ ಕಾವಲುಗಾರ ರಸ್ತೆಗೆ ಓಡಿದ. ನಾನು ಪೊಲೀಸರಿಗೆ ಹೇಳಲು ಫೋನ್ ಎತ್ತಿದೆ.

"ತಡೀರಿ," ಎಂದಳು ಅಕ್ಕ. "ಅವಳು ಇಲ್ಲೇ ಇದ್ರೂ ಅಮ್ಮನ ದನಿಗೆ ಬರಲ್ಲ. ನಂಬಬೇಡಿ ಅಂತ ನಾನೇ ಹೇಳಿದೀನಲ್ಲ."

ಕಥೆ ಹೇಳುವ ಚಾಪೆಯ ಮೇಲೆ ಕೂತು, ಇಡೀ ಹಾಲ್‌ಗೆ ಕೇಳುವಂತೆ ಶುರು ಮಾಡಿದಳು. "ಆಮೇಲೆ ತೋಳಕ್ಕೆ ತುಂಬಾ ಬೇಜಾರಾಯ್ತು. ತಪ್ಪಾಯ್ತು ಅಂತ ಹೇಳಿ ಕಾಡಿಗೆ ಹೋಯ್ತು."

ಎಲ್ಲೂ ಮಿಸುಕಾಟವಿಲ್ಲ. ತಾಯಿ ಬಾಯಿಗೆ ಕೈ ಒತ್ತಿಕೊಂಡು ನಿಂತಿದ್ದಳು. ಕಥೆಯಲ್ಲಿ ಇರುವೆಯನ್ನೂ ಸಾಯಿಸದವಳು ಕಣ್ಣು ಮುಚ್ಚಿಕೊಂಡಳು.

"ಇಲ್ಲ, ಹೋಗ್ಲಿಲ್ಲ. ಬಾವಿಗೆ ಬಿತ್ತು. ತೋಳ ಸತ್ತೋಯ್ತು."

ಹಳೇ ಪತ್ರಿಕೆಗಳ ಕಟ್ಟುಗಳ ಹಿಂದೆ, ಬೆಕ್ಕೂ ನುಸುಳದು ಎಂದು ನಾವು ನೋಡದೇ ಬಿಟ್ಟಿದ್ದ ಸಂದಿಯಿಂದ ಸಣ್ಣ ದನಿ ಬಂತು. "ಪೂರ್ತಿ ಸತ್ತೋಯ್ತಾ?"

"ಪೂರ್ತಿ ಸತ್ತೋಯ್ತು ಕಂದ. ಅಮ್ಮ ಮೇಕೆನೇ ಬಾವಿಗೆ ಬಗ್ಗಿ ನೋಡ್ತು."

ಗುಬ್ಬಿ ಮೈತುಂಬ ಧೂಳು ಮೆತ್ತಿಕೊಂಡು ತೆವಳಿ ಬಂದಳು. ತಾಯಿ ಅವಳನ್ನು ಬಾಚಿ ತಬ್ಬಿ, ಬೆನ್ನಿಗೊಂದು ಕೊಟ್ಟು, ಮತ್ತೆ ತಬ್ಬಿಕೊಂಡಳು. ಆಮೇಲೆ ಅಳುತ್ತಲೇ ಅಕ್ಕನ ಕಡೆ ತಿರುಗಿದಳು.

"ಅದನ್ನ ಹನ್ನೆರಡು ಗಂಟೆಗೇ ಸಾಯ್ಸೋಕೆ ನಿಮಗೇನಾಗಿತ್ತು?"

ಇಪ್ಪತ್ತು ವರ್ಷದಿಂದ ನಾನು ಕೇಳುತ್ತಿದ್ದುದೂ ಅದನ್ನೇ. ಅವತ್ತು ಮಾತ್ರ ನನ್ನ ಬಾಯಿ ನಾನೇ ಮುಚ್ಚಿಕೊಂಡೆ, ಅಕ್ಕ ಮುಚ್ಚಿಸಬೇಕಾಗಿ ಬರಲಿಲ್ಲ.