ಶುಕ್ರವಾರ ಡಿಸ್ಕ್ ಗುಡಿಸಬಾರದು

ಕೇಳ್ರಪ್ಪಾ, ಇವತ್ತು ದೊಡ್ಡಬಳ್ಳಾಪುರದ ನಮ್ಮತ್ತೆಯ ಮಗ್ಗದ ಮನೆಯಲ್ಲಿ ಸೀರೆ ಡಿಸೈನ್ ಮಾಡುವ ಕಂಪ್ಯೂಟರಿನ ಡಿಸ್ಕ್ ತುಂಬಿಹೋಯಿತು. ಹಳೇ ಬಾರ್ಡರುಗಳನ್ನೆಲ್ಲ ಅಳಿಸಿದೆ. ಅವು ಪರದೆಯ ಮೇಲಿನ ಕಸದ ಬುಟ್ಟಿಗೆ ಹೋದವು, ಜಾಗ ಮಾತ್ರ ಆಗಲಿಲ್ಲ. ಬುಟ್ಟಿ ಖಾಲಿ ಮಾಡಲು ಹೊರಟರೆ ಅತ್ತೆ ಕೈ ಹಿಡಿದರು.

“ದೀಪ ಹಚ್ಚಾಯ್ತು. ಶುಕ್ರವಾರ ಸಂಜೆ ಕಸ ಆಚೆಗೆ ಹಾಕ್ತಾರೇನೋ?”

“ಆಚೆಗೆ ಹೋಗಲ್ಲ ಅತ್ತೆ, ಇಲ್ಲೇ ಮಾಯ ಆಗುತ್ತೆ.”

“ಲಕ್ಷ್ಮಿ ಬರೋ ಹೊತ್ತಲ್ಲಿ ಮನೇಲಿ ಏನೂ ಮಾಯ ಆಗ್ಬಾರ್ದು. ಜಾಗ ಬೇಕಿದ್ರೆ ನಿನ್ನ ಇಸ್ಪೀಟಾಟ ಇದ್ಯಲ್ಲ, ಅದನ್ನ ತೆಗ್ದುಹಾಕು.”

ತೆಗೆದುಹಾಕಿದೆ. ಅದೂ ಬುಟ್ಟಿಗೇ ಹೋಯಿತು.

ಮದುವೆ ಸೀರೆಯ ಸೆರಗನ್ನು ಸೇವ್ ಮಾಡಲು ಜಾಗವಿಲ್ಲದೆ ಮಗ್ಗ ನಿಂತಿದೆ. ನಾಳೆಯವರೆಗೆ ಆಟವಾದರೂ ಆಡೋಣ, ಬುಟ್ಟಿಯಿಂದ ವಾಪಸ್ ತೆಗೆಯೋಣ ಎಂದರೆ, ದೀಪ ಹಚ್ಚಿದ ಮೇಲೆ ಕಸಕ್ಕೆ ಕೈಯೂ ಹಾಕಬಾರದಂತೆ.